ಮಾಪಕಕ್ಕೆ ಕಟ್ಟಿದ ತುಳಸಿ

ಹುಶಿ ವಿಮಾನ ನೆಲೆ,
ಜೂನ್ ೧೯೪೪

ಅಮ್ಮನಿಗೆ ಇಲಾರಿಯೆ ಮಾಡುವ ನಮಸ್ಕಾರ.

ಕಾಲುಚೀಲ ತಲುಪಿದವು. ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ತುಳಸಿ ಕಡ್ಡಿಯ ವಿಷಯ ಹೇಳಬೇಕು.

ನಾನು ಮೆಕ್ಯಾನಿಕ್ಕಾಗಿ ನೋಡಿಕೊಳ್ಳುವುದು ಟ್ಯಾಂಕುಗಳನ್ನು ಹೊಡೆಯುವ, ಜರ್ಮನ್ನರು ನಮ್ಮ ಸೇನೆಗೆ ಕೊಟ್ಟ ವಿಮಾನ. ಅದು ನೆಲ ಬಿಟ್ಟೇಳುವಾಗ ಇವತ್ತಿಗೂ ನನ್ನ ಕೈ ತಾನಾಗಿ ಟೋಪಿಗೆ ಹೋಗುತ್ತದೆ. ಒಳಗೆ ಪೈಲಟ್ ಕೂತರೆ ಇನ್ನೊಂದು ಮುಷ್ಟಿಗೂ ಜಾಗವಿಲ್ಲ. ಅದಕ್ಕೇ ಕೆಲವು ಮಾಪಕಗಳನ್ನು ಹೊರಗೆ, ಎಂಜಿನ್ನಿನ ಮೇಲೇ ಕೂರಿಸಿದ್ದಾರೆ. ಪೈಲಟ್ ಗಾಜಿನಾಚೆ ನೋಡಿ ಓದಬೇಕು. ನಮ್ಮೂರ ಪಾದ್ರಿಯವರು ರಕ್ಷೆಗೆಂದು ತೀರ್ಥ ಚಿಮುಕಿಸಿದ ಆ ಕಡ್ಡಿಯನ್ನು ಒಳಗಿಡಲಾಗದೆ, ಬಲ ಎಂಜಿನ್ನಿನ ಮಾಪಕದ ಪಕ್ಕ ತಂತಿಯಿಂದ ಕಟ್ಟಿದೆ.

ಮಂಗಳವಾರ ವಿಮಾನ ಏರಿದ ಮೇಲೆ ನನಗೆ ಹೊಳೆಯಿತು: ಗಾಳಿಗೆ ಕಡ್ಡಿ ಬಾಗಿದರೆ ಎಣ್ಣೆ ಎಷ್ಟಿದೆಯೆಂದು ತೋರಿಸುವ ಮುಳ್ಳು ಪೈಲಟ್‌ಗೆ ಕಾಣುವುದಿಲ್ಲ. ಉಳಿದವರೆಲ್ಲ ಮರಳಿದರು. ನನ್ನ ವಿಮಾನದ ಪೈಲಟ್ ಲೆಫ್ಟಿನೆಂಟ್ ಮನೊಲಾಕೆ ಮಾತ್ರ ಬರಲಿಲ್ಲ. ನಾನು ಹುಲ್ಲಿನ ಮೇಲೆ ಮೊಣಕಾಲೂರಿದೆ.

ಕೊನೆಗೆ ಬಂದರು. ಎಡ ಎಂಜಿನ್ ಸುಟ್ಟು ನಿಂತಿತ್ತು. ಬಲದ್ದರಲ್ಲಿ ಎಣ್ಣೆ ಸೋರಿ ಹೋಗಿತ್ತು, ಆದರೂ ತಿರುಗುತ್ತಿತ್ತು.

"ಲೇ ಇಲಾರಿಯೆ, ಮಾಪಕದ ಮೇಲೆ ಹುಲ್ಲು ಬೆಳೆಸಿದೋನು ನೀನೇನೋ?"

"ಅಮ್ಮ ಕಳಿಸಿದ್ದು ಸಾರ್. ತಪ್ಪಾಯ್ತು."

"ಮುಳ್ಳು ಸೊನ್ನೆಗೆ ಬಿದ್ದಿದ್ದು ಕಂಡಿದ್ರೆ ಈ ಎಂಜಿನ್ನೂ ಸತ್ತೋಯ್ತು ಅಂತ ಪ್ರೂತ್ ನದಿ ಆಚೆನೇ, ರಷ್ಯನ್ನರ ಮಧ್ಯೆ ಇಳಿಸಿಬಿಡ್ತಿದ್ದೆ ಕಣೋ!"

ಆ ಎಂಜಿನ್ನಿನ ಮೇಲೆ ಕೈಯಿಟ್ಟೆ. ಸುಡುತ್ತಿತ್ತು, ಆದರೂ ಬೇಗ ತೆಗೆಯಲು ಮನಸ್ಸಾಗಲಿಲ್ಲ.

ಇನ್ನು ಮಾಪಕಗಳ ಹತ್ತಿರ ಏನನ್ನೂ ಕಟ್ಟಬಾರದೆಂದು ಲೆಫ್ಟಿನೆಂಟ್ ಎಲ್ಲರೆದುರು ಆಜ್ಞೆ ಮಾಡಿದ್ದಾರೆ. ಅಮ್ಮ, ಇನ್ನೊಂದು ಕಡ್ಡಿ ಕಳಿಸು. ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕದಿರಲಿ. ಅವರೇ ಕೇಳಿದರೆಂದು ಊರಲ್ಲಿ ಯಾರಿಗೂ ಹೇಳಬೇಡ.

ನಿನ್ನ ಮಗ,
ಇಲಾರಿಯೆ