ತೆಗೆದ ಸಾಲು

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೨ ಆಗಸ್ಟ್ ೨೦೦೭

ಪ್ರೀತಿಯ ದಾಕ್ಷಾಯಿಣಿಗೆ ಅಪ್ಪನ ಆಶೀರ್ವಾದ.

ನಿನ್ನ ಕೆಮ್ಮು ಕಡಿಮೆಯಾಯಿತೇ? ಸೊಲ್ಲಾಪುರದ ಧೂಳು ನಮ್ಮೂರಿನದಕ್ಕಿಂತ ಕೆಟ್ಟದ್ದಂತೆ. ನಾನು ಆರಾಮ. ನಿಮ್ಮವ್ವ ಹೋದ ಮೇಲೆ ಅಡುಗೆ ಕಲಿತೆ. ಜುಣಕ ಹದಕ್ಕೆ ಬಂದಿದೆ, ರೊಟ್ಟಿ ಇನ್ನೂ ನಕಾಶೆಯ ಹಾಗೇ ಇರುತ್ತದೆ.

ಅವಳು ಹೇಳಿ ಬರೆಸಿದ ಬೀಸುವ ಪದಗಳನ್ನು ಪುಸ್ತಕಕ್ಕೆಂದು ನಾನು ವಿದ್ಯಾನಗರದಲ್ಲಿ ಶಮೀಮಳ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಟೈಪ್ ಮಾಡುತ್ತಿದ್ದೆನಲ್ಲ. ತಿದ್ದಿದಾಗಲೆಲ್ಲ ಒಂದು ಹೊಸ ಫೈಲು: ‘ಫೈನಲ್’, ‘ಹೊಸ ಫೈನಲ್’, ‘ಫೈನಲ್ ಎರಡು’. ಹೀಗೆ ಹನ್ನೊಂದಾದವು. ಶಮೀಮ ನಕ್ಕು, “ಕಾಕಾ, ಇದರಾಗ ಖರೇ ಫೈನಲ್ ಯಾವುದ್ರಿ? ಲಗ್ನ ಒಂದ, ವರ ಹನ್ನೊಂದು ಮಂದಿ!” ಎಂದಳು. ಆಮೇಲೆ ವರ್ಶನ್ ಕಂಟ್ರೋಲ್ ಕಲಿಸಿದಳು. ಫೈಲು ಒಂದೇ, ತಿದ್ದಿದ ಮೇಲೆ ಏನು ಬದಲಿಸಿದೆ, ಯಾಕೆ ಎಂದು ಒಂದು ಸಾಲು ಬರೆದು ಸೇರಿಸಬೇಕು. ಹಳೆಯ ಪ್ರತಿ ತಾರೀಖು, ಹೆಸರು ಸಮೇತ ಒಳಗೆ ಉಳಿಯುತ್ತದೆ. ನಾನು ಅಳಿಸಿದ್ದನ್ನೂ ಅದು ಉಳಿಸುತ್ತದೆಂದು ಹೊಳೆಯಲಿಲ್ಲ. ಮುಂದಾಲೋಚನೆ ಅನ್ನುತ್ತಾರಲ್ಲ, ಅದು ನನಗೆ ಬಿ.ಎ. ಓದುವಾಗಲೂ ಇರಲಿಲ್ಲ.

ಮೊನ್ನೆ ಹೊಸಬರಿಗೆ ಕಲಿಸುತ್ತ ಶಮೀಮ ನನ್ನ ಫೈಲನ್ನೇ ತೆರೆದು, ನನ್ನ ಟಿಪ್ಪಣಿಗಳನ್ನು ಒಂದೊಂದಾಗಿ ಓದಿದಳು. ‘ಮೂರನೇ ಪದ ತಿದ್ದಿದೆ, ಗೌರಕ್ಕನಿಗೆ ಮರೆತ ನುಡಿ ನೆನಪಾಯಿತು.’ ಟಿಪ್ಪಣಿಯಲ್ಲಿ ನಿಮ್ಮವ್ವನನ್ನು ಊರಿನವರಂತೆ ಗೌರಕ್ಕ ಎಂದೇ ಬರೆಯುತ್ತಿದ್ದೆ. ಆಮೇಲೆ, ‘ಮಗಳ ಹೆಸರು ತೆಗೆದೆ. ಬೇಡ. ಚನ್ನಯ್ಯ.’ ಪಕ್ಕದಲ್ಲಿ, ನಿಮ್ಮವ್ವ ಹೇಳಿ ಬರೆಸಿ ನಾನು ತೆಗೆದ ಸಾಲು ಕೆಂಪಾಗಿ ಕಾಣುತ್ತಿತ್ತು: ‘ದನಿಗೂಡಿಸಿದವಳು ಮಗಳು ದಾಕ್ಷಾಯಿಣಿ.’ ಶಮೀಮ ಥಟ್ಟನೆ ಮುಂದಿನದಕ್ಕೆ ಹೋದಳು. ಯಾರಾದರೂ ಕೇಳಿದ್ದರೆ ಅವರನ್ನು ಬೈದಾದರೂ ಹಗುರಾಗುತ್ತಿದ್ದೆ.

ನೀನು ನಿನ್ನ ಮನಸ್ಸಿನಂತೆ ಮದುವೆಯಾದ ಸಿಟ್ಟು ಅದು. ಅವ್ವನ ಮಣ್ಣಿಗೆ ಬಂದಾಗಲೂ ನಿನ್ನನ್ನು ಮಾತಾಡಿಸಲಿಲ್ಲ. ಕಂಪ್ಯೂಟರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ. ಸತ್ತೂರಿನ ಆಸ್ಪತ್ರೆಯಲ್ಲಿ ಅವಳು, “ದಾಕ್ಷಾನ ಹೆಸರ ಹಾಕೀರಿಲ್ರಿ? ಓದ್ರಿ, ಕೇಳ್ತೇನಿ” ಎಂದಳು. ಕೈಯಲ್ಲಿದ್ದ ಹಾಳೆಯಲ್ಲಿ ಆ ಸಾಲು ಇರಲಿಲ್ಲ. ಇದ್ದಂತೆ ಓದಿದೆ. ಅವಳು ನಂಬಿ ಕಣ್ಣು ಮುಚ್ಚಿಕೊಂಡಳು.

ನಿನ್ನೆ ಹಳೆಯ ಪ್ರತಿಯಿಂದ ಆ ಸಾಲನ್ನು ಮರಳಿ ತಂದೆ. ಕಂಪ್ಯೂಟರ್ ಕಾರಣ ಕೇಳಿತು. ‘ತಪ್ಪು ನನ್ನದು’ ಎಂದು ಬರೆದೆ. ಅದೂ ಅಲ್ಲಿಯೇ ಉಳಿಯಲಿ, ಯಾರು ಬೇಕಾದರೂ ಓದಲಿ.

ಮಗಳೇ, ಬಿಸಿನೀರು ಕುಡಿ. ಚೆನ್ನಾಗಿರು.

ನಿಮ್ಮಪ್ಪ,
ಚನ್ನಯ್ಯ

ತಾ.ಕ.: ಮಂಗಳವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಮೊದಲ ಪ್ರತಿಯನ್ನು ನಿಮ್ಮಿಬ್ಬರ ಹೆಸರಿಗೆ ಕಳಿಸೋಣವೆಂದು ವಿಳಾಸ ಬರೆಯಲು ಕೂತೆ. ಅಳಿಯಂದಿರ ಪೂರ್ತಿ ಹೆಸರೇ ನನಗೆ ಗೊತ್ತಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಬರೆದು ಕಳಿಸು. ಅವರೇ ಬರೆದರೆ ಇನ್ನೂ ಛಲೋ.