ಟೇಪು ಕೀಳದ ಡಬ್ಬ

ಸೆಪ್ಟೆಂಬರ್ 9, ಬೆಳಗ್ಗೆ 6
ಬಟಾಣಿ ಬೆಂದಿದೆ. ಕ್ಯಾರೆಟ್ಟು ಹೆಚ್ಚಿದ್ದಾಯಿತು. ಮೊಟ್ಟೆ, ಬ್ರೆಡ್ಡು, ಕಿತ್ತಳೆ ತೊಳೆ. ಉಪ್ಪು ಚಿಟಿಕೆಯಷ್ಟೇ. ಮುಚ್ಚಳ ಹಾಕಿ, ಸುತ್ತ ಬಿಳಿ ಟೇಪು ಅಂಟಿಸಿ, ಮೇಲೆ ಕಟ್ಟಿದ ಹೊತ್ತು ಬರೆದೆ. ಆಸ್ಪತ್ರೆ ಅಡುಗೆಮನೆಯಲ್ಲಿ ರೋಗಿಗಳ ಊಟ ಕಟ್ಟಿ ಕಟ್ಟಿ ಬಂದ ಅಭ್ಯಾಸ. ಟೇಪು ಹಾಕದಿದ್ದರೆ ಕೈಗೆ ಸಮಾಧಾನವಿಲ್ಲ.

ಇವರ ಮಗಳು ನಿನ್ನೆಯೂ ಊಟ ಹಾಗೇ ವಾಪಸ್ ತಂದಳು. ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದು ದಿನವೂ ನನ್ನನ್ನು ಏನೆಂದೂ ಕರೆದಿಲ್ಲ. ನೀರು ಬೇಕಿದ್ದರೂ ಅಪ್ಪನಿಗೆ ಹೇಳುತ್ತಾಳೆ — "ಅವರನ್ನ ಕೇಳಿ." ಮೌನಗೌರಿ!

ಸೆಪ್ಟೆಂಬರ್ 11, ಸಂಜೆ
ಕ್ಯಾರೆಟ್ಟನ್ನು ಹೂವಿನ ಹಾಗೆ ಕತ್ತರಿಸಿದ್ದೆ. ಮೊಟ್ಟೆಗೆ ಮೆಣಸಿನ ಕಾಳಿನ ಕಣ್ಣು ಬೇರೆ. ನೋಡಿದರೆ ಟೇಪನ್ನೂ ಕಿತ್ತಿಲ್ಲ. ನಾನೇ ಕಿತ್ತೆ. ಮೊಟ್ಟೆ ನನ್ನನ್ನೇ ದುರುಗುಟ್ಟಿ ನೋಡಿತು.

ಇವರು ಬಸ್ ಡ್ಯೂಟಿ ಮುಗಿಸಿ ಬಂದು ಅದನ್ನೇ ತಿಂದರು. "ಹಸಿವಾದ್ರೆ ತಾನೇ ತಿಂತಾಳೆ ಬಿಡೇ" ಎಂದರು. ಇವರಿಗೇನು, ಹೊಟ್ಟೆ ತುಂಬಿತ್ತು.

ಮೊದಲು ಸಿಟ್ಟು ಬಂತು. ಆಮೇಲೆ ಅಳು. ತಾಯಿ ಇಲ್ಲದ ಮಗು... ನನ್ನ ಕೈಯ ಊಟ ಅಷ್ಟು ಬೇಡವೇ?

ಸೆಪ್ಟೆಂಬರ್ 18
ಶಾಲೆಯಿಂದ ಟೀಚರ್ ಫೋನು. ಆಟದ ಹೊತ್ತಿನಲ್ಲಿ ತಲೆ ಸುತ್ತಿ ಬಿದ್ದಳಂತೆ. ಏಪ್ರನ್ ಕೂಡ ಬಿಚ್ಚದೆ ಓಡಿದೆ. ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಮುಚ್ಚಿದ ಡಬ್ಬ.

"ಗೆಳತಿಯರ ಚಿಪ್ಸಲ್ಲೇ ದಿನ ದೂಡ್ತಿದ್ದಾಳೆ" ಎಂದರು ಟೀಚರ್.

ದಾರಿಯಲ್ಲಿ ಕೇಳಿಯೇಬಿಟ್ಟೆ. "ನನ್ನ ಅಡುಗೆ ಅಷ್ಟು ಕೆಟ್ಟದಾಗಿರುತ್ತಾ ಮರಿ?"

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಸುಮಾರು ದೂರ ನಡೆದ ಮೇಲೆ — "ಟೇಪು."

"ಟೇಪಾ?"

"ಆಸ್ಪತ್ರೇಲಿ ಅಮ್ಮನ ಡಬ್ಬಕ್ಕೂ ಇದೇ ಇರ್ತಿತ್ತು. ನಾನೇ ಕೀಳ್ತಿದ್ದೆ. ಕಿತ್ತು ಕೊಟ್ರೂ ಅಮ್ಮ ತಿಂತಿರಲಿಲ್ಲ."

ಅವಳ ಕೈಯಿಂದ ಡಬ್ಬ ತೆಗೆದುಕೊಂಡೆ. ಅದು ಬೇರೆ ಆಸ್ಪತ್ರೆ, ಬೇರೆ ಅಡುಗೆಯವರು. ಆದರೂ ದಿನಾ ಬೆಳಗ್ಗೆ ಮಗುವನ್ನು ಅವಳಮ್ಮನ ಆ ಮಂಚದ ಪಕ್ಕಕ್ಕೆ ಕಳಿಸುತ್ತಿದ್ದವಳು ನಾನು. ಅಲ್ಲೇ ಟೇಪು ಕಿತ್ತು, ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದೆ. ಬಸ್ ಸ್ಟಾಪಿನಲ್ಲಿ ಕೂತು ಇಬ್ಬರೂ ಆ ತಣ್ಣನೆ ಬ್ರೆಡ್ಡು, ಮೊಟ್ಟೆ ತಿಂದೆವು.

"ಉಪ್ಪೇ ಇಲ್ಲ" ಎಂದಳು. ನೇರವಾಗಿ ನನಗೇ ಹೇಳಿದಳು, ಅಪ್ಪನ ಮೂಲಕ ಅಲ್ಲ.

ಸೆಪ್ಟೆಂಬರ್ 19
ಬೆಳಗ್ಗೆ ಕೈ ತಾನಾಗಿ ಟೇಪಿನ ಡ್ರಾಯರಿಗೆ ಹೋಯಿತು. ಗದರಿಸಿ ಹಿಂದಕ್ಕೆ ಕರೆದೆ. ಉಪ್ಪು ತುಸು ಧಾರಾಳ.

ಸಂಜೆ — ಅರ್ಧ ಖಾಲಿ! ಬಟಾಣಿಯನ್ನು ಮಾತ್ರ ಒಂದೂ ಬಿಡದೆ ಆರಿಸಿ ಮೂಲೆಗೆ ತಳ್ಳಿದ್ದಾಳೆ, ಕಳ್ಳಿ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಕ್ಟೋಬರ್ 6, ಸಂಜೆ
ಬೆಳಗ್ಗೆ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಒಂದು ಡಬ್ಬ ಬಂತು. "ನಿಮಗೆ. ನಾನೇ ಕಟ್ಟಿದ್ದು." ಅಷ್ಟು ಹೇಳಿ ಓಡಿದಳು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ತೆರೆದೆ. ಬ್ರೆಡ್ಡು, ಹೆಬ್ಬೆರಳಿನಷ್ಟು ದಪ್ಪ ಕ್ಯಾರೆಟ್ಟು, ಮೊಟ್ಟೆಗೆ ಮೆಣಸಿನ ಕಾಳಿನ ಕಣ್ಣು — ಅಂದರೆ ಅಂದು ನಾನು ಕಣ್ಣು ಇಡುವಾಗ ಕದ್ದು ನೋಡಿದ್ದಳು! ನಮ್ಮ ಡಯೆಟ್ ಮೇಡಂ ಆಸೆಪಟ್ಟು ಒಂದು ತುಂಡು ಬಾಯಿಗಿಟ್ಟು ನೀರಿಗೆ ಓಡಿದರು. "ಏನ್ರೀ ಇದು, ಸಮುದ್ರಾನೇ ಕಟ್ಟಿ ಕೊಟ್ಟಿದಾಳಲ್ಲ! ತಿನ್ಬೇಡಿ."

ತಿಂದೆ. ಚೂರೂ ಬಿಡಲಿಲ್ಲ.

ನಾನು ಮನೆಗೆ ಬಂದೊಡನೆ ನನ್ನ ಬ್ಯಾಗಿನಿಂದ ತಾನೇ ಡಬ್ಬ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಇಣುಕಿದಳು. ತೊಳೆದು ಬೋರಲು ಹಾಕಿದಳು. ನಾನು ಮೂರನೇ ಲೋಟ ನೀರು ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಅಡುಗೆಮನೆಯಿಂದ ಕೂಗು. "ಚಿಕ್ಕಮ್ಮಾ, ಉಪ್ಪು ಎಲ್ಲಿಟ್ರಿ? ನಾಳೆಗೆ ಬಟಾಣಿ ಬೇಯಿಸ್ತೀನಿ."

ಚಿಕ್ಕಮ್ಮ ಅಂದಳು. ನನ್ನನ್ನೇ. ಅಯ್ಯೋ, ಅಕ್ಷರ ಕಾಣುತ್ತಿಲ್ಲ... ಏಳಬೇಕು, ಇಲ್ಲದಿದ್ದರೆ ಇಡೀ ಉಪ್ಪಿನ ಡಬ್ಬ ಸುರಿ—