ಕೈ ಬಿಟ್ಟೆ, ಕೈ ಬಿಟ್ಟ

ಕಾಸ್ತ್ರೊ, ಚಿಲೊಯೆ ದ್ವೀಪ
೯ ಜೂನ್ ೨೦೧೪

ಪ್ರೀತಿಯ ನೆಲ್ದಾ ಅಕ್ಕ,

ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದು ಕೂತಿವೆ. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೂರು ವಾರದಿಂದ ಇಲ್ಲಿ ಮಂಜು ಕರಗಿಲ್ಲ. ಎದುರು ಮನೆಯೂ ಕಾಣುವುದಿಲ್ಲ. ಕೊಲ್ಲಿಯ ದೋಣಿಗಳ ಸದ್ದು ಮಾತ್ರ ಯಾರೋ ನಿದ್ದೆಯಲ್ಲಿ ಮಾತಾಡಿದ ಹಾಗೆ ತೇಲಿ ಬರುತ್ತದೆ.

ಮಿರ್ತಾಳ ವಿಚಾರಣೆ ಮುಗಿಯಿತು. ಅರ್ಧ ಕಥೆ ನಿನಗೆ ಗೊತ್ತು. ಅವಳೂ ಗಂಡ ಎರ್ನಾನನೂ ಕಡಲಪಾಚಿ ತರಲು ಹೋಗಿದ್ದಾಗ ಅವನು ದೋಣಿಯಿಂದ ಬಿದ್ದು ಸತ್ತ. ಹಿಂದಿನ ದಿನ ಸಂತೆಯಲ್ಲಿ ಇಬ್ಬರೂ ಜಗಳವಾಡಿದ್ದನ್ನು ಊರೇ ನೋಡಿತ್ತು. ತುರ್ತು ಕರೆ ಕೇಂದ್ರದಲ್ಲಿ ಅವಳ ಫೋನ್ ಎತ್ತಿದವಳು ನಾನೇ. ಗಾಳಿ, ಅಲೆ, ಅಳು, ಅದರ ನಡುವೆ ಒಂದು ಮಾತು. ಪೊಲೀಸರು ಬರೆದುಕೊಂಡದ್ದು "ಕೈ ಬಿಟ್ಟೆ" ಎಂದು. ಮಿರ್ತಾ ಹೇಳುವುದು, ತಾನಂದದ್ದು "ಕೈ ಬಿಟ್ಟ". ಕೊನೆಯ ಒಂದು ಸ್ವರ, ಅಕ್ಕ. ಅದರ ಮೇಲೆ ಅವಳ ಹದಿನೈದು ವರ್ಷದ ಜೈಲು ನಿಂತಿತ್ತು.

ಸರ್ಕಾರಿ ವಕೀಲರು ನನ್ನನ್ನು ಕರೆಸಿ, ಪೊಲೀಸರು ಬರೆದ ಹಾಳೆ ಕೈಗಿಟ್ಟು ಆ ಕರೆಯ ಧ್ವನಿಮುದ್ರಣ ಹಾಕಿದರು. "ಬಿಟ್ಟೆ ಅಂತಾನೇ ಇದೆಯಲ್ವಾ, ಓತಿಲಿಯಾ ಅಮ್ಮಾ?"

ಇತ್ತು. ಸ್ಪಷ್ಟವಾಗಿಯೇ ಇತ್ತು. ಮನೆಗೆ ಬಂದು ಆಲೂಗಡ್ಡೆ ತುರಿಯುವಾಗ ಅದೇ ದನಿ ಕಿವಿಯಲ್ಲಿ ಸುಳಿಯಿತು. ಆಗ "ಬಿಟ್ಟ" ಅನ್ನಿಸಿತು. ಒಲೆಗೆ ಸೌದೆ ಇಡುವಾಗ ಮತ್ತೆ "ಬಿಟ್ಟೆ". ಕೆಲವು ದಿನ ನಾನೇ ನೀರೊಳಗಿದ್ದು ಮೇಲಿನವರ ಮಾತು ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು.

ಕೋರ್ಟಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. "ಹಾಳೆ ನೋಡಿದ್ರೆ ಹಾಳೇಲಿರೋದೇ ಕೇಳುತ್ತೆ. ನೋಡದೆ ಕೇಳಿದ್ರೆ ನಂಗೆ ಗೊತ್ತಾಗಲ್ಲ."

ವಕೀಲರು ನಕ್ಕರು. "ಇಪ್ಪತ್ತು ವರ್ಷ ಫೋನ್ ಎತ್ತಿದ ಕಿವಿ ಈಗ ಮಂದ ಆಯ್ತಾ?"

"ಮಂದ ಆಗಿಲ್ಲ. ನಿಮ್ಮ ಹಾಳೆ ಗಟ್ಟಿಯಾಗಿ ಮಾತಾಡ್ತಿದೆ."

ಮುಖ್ಯ ನ್ಯಾಯಾಧೀಶೆ ಈ ಮೊಕದ್ದಮೆಯ ಗಂಧಗಾಳಿ ಇಲ್ಲದ ಮೂವರನ್ನು ಪಕ್ಕದ ಕಚೇರಿಯಿಂದ ಕರೆಸಿದರು. ಧ್ವನಿ ಕೇಳಿಸಿ, ಕೇಳಿದ್ದನ್ನು ಬರೆಯಿರಿ ಎಂದರು. ಒಬ್ಬರು "ಬಿಟ್ಟೆ" ಎಂದು ಬರೆದರು. ಇನ್ನೊಬ್ಬರು "ಬಿಟ್ಟ". ಕಸ ಗುಡಿಸುವ ಹೆಂಗಸು ಬರೆದದ್ದು "ಕೈ ಕೊಡು".

ಆ ಮಾತನ್ನು ಸಾಕ್ಷ್ಯವೆಂದು ಒಪ್ಪುವುದಿಲ್ಲ ಎಂದುಬಿಟ್ಟರು ನ್ಯಾಯಾಧೀಶೆ. ಸರ್ಕಾರಿ ವಕೀಲರ ಹತ್ತಿರ ಬೇರೇನೂ ಇರಲಿಲ್ಲ. ಶುಕ್ರವಾರ ಮಿರ್ತಾ ಬಿಡುಗಡೆಯಾಗಿ ಮನೆಗೆ ಹೋದಳು. ಕೋರ್ಟಿನ ಮೆಟ್ಟಿಲ ಮೇಲೆ ಜನ ನನ್ನ ಬೆನ್ನು ತಟ್ಟಿದರು. ನಾನು ಮಂಜಿನಲ್ಲಿ ದಾರಿ ತಪ್ಪಿ, ನಮ್ಮದೇ ಬೀದಿಯನ್ನು ಎರಡು ಸಲ ದಾಟಿ ಹೋದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಅಲ್ಲಿಯ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡಲಿ. ದೇವಮಾತೆ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಂಗಿ,
ಓತಿಲಿಯಾ

ಕಾಗದ ಮಡಚಿದ ಮೇಲೆ: ಕೋರ್ಟಿನಲ್ಲಿ ಕೇಳಿಸಿದ್ದು ಮಿರ್ತಾಳ ಎರಡನೇ ಕರೆ, ಅಕ್ಕ. ನಾಲ್ಕು ನಿಮಿಷ ಮೊದಲು ಒಂದು ಬಂದಿತ್ತು. ಆ ವಾರವೆಲ್ಲ ಯಾರೋ ಹುಡುಗಿಯರು ಫೋನ್ ಮಾಡಿ, ಮುಳುಗ್ತಿದ್ದೀವಿ ಎಂದು ಕಿರುಚಿ ನಗುತ್ತಿದ್ದರು. ಇದೂ ಅವರೇ ಅಂದುಕೊಂಡೆ. "ಅವನನ್ನ ಹಿಡ್ಕೊಂಡಿದ್ದೀನಿ, ಬೇಗ ಬನ್ನಿ" ಎಂದಳು. "ನಾಚಿಕೆ ಆಗಲ್ವಾ" ಎಂದು ಫೋನ್ ಇಟ್ಟುಬಿಟ್ಟೆ; ಕೀಟಲೆ ಕರೆ ಎಂದು ದಾಖಲೆಗೂ ಸೇರಿಸಲಿಲ್ಲ. ಮೊದಲೇ ಯಾಕೆ ಸಹಾಯ ಕೇಳಲಿಲ್ಲವೆಂದು ಕೋರ್ಟಿನಲ್ಲಿ ವಕೀಲರು ಅವಳನ್ನು ಕೇಳಿದರು. ಮಿರ್ತಾ ನನ್ನ ಕಡೆ ನೋಡಿದಳು. "ಫೋನ್ ಮಾಡಿದ್ದೆ. ಲೈನ್ ಸಿಗಲಿಲ್ಲ" ಎಂದಳು. ನಾನು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ.